ಬ್ರೆಂಕೆಯ ಓಟ, ಬಹ್ರೇನಿನ ಶಾಲು

ಮುಹರ್ರಕ್

ಬಹ್ರೇನಿಗೆ ಹೋಗಿ ಬಂದವನನ್ನು ಎಲ್ಲರೂ ಮುತ್ತು ತಂದಿರಾ, ಚಿನ್ನ ತಂದಿರಾ ಎಂದೇ ಕೇಳುತ್ತಾರೆ. ನಾನು ತಂದದ್ದು ಒಂದು ಶಾಲು ಮತ್ತು ನನ್ನ ತಲೆಗಿಂತ ದೊಡ್ಡದಾದ ಒಂದು ಮೈಸೂರು ಪೇಟ. ಶಾಲನ್ನು ನನ್ನ ಹೆಂಡತಿ ಬೀರುವಿನಲ್ಲಿದ್ದ ಹಳೆಯ ಶಾಲುಗಳ ರಾಶಿಯ ಮೇಲೆ ಎಸೆದು, "ಇದಕ್ಕೆ ವಿಮಾನ ಹತ್ತಬೇಕಿತ್ತಾ? ದಾವಣಗೆರೇಲೇ ಹೊದಿಸ್ತಿದ್ರಲ್ಲ" ಅಂದಳು. ಅವಳಿಗೆ ಬಾಯಲ್ಲಿ ಉತ್ತರ ಕೊಡುವ ಧೈರ್ಯ ನನಗೆ ಯಾವತ್ತೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ನಿವೃತ್ತ ಡ್ರಿಲ್ ಮೇಷ್ಟರು. ಪಾಠಕ್ಕಿಂತ ಹೆಚ್ಚಾಗಿ ನಾನು ಮಾಡಿದ್ದು ಸ್ಟಾರ್ಟರ್ ಕೆಲಸ. ತಾಲ್ಲೂಕು, ಜಿಲ್ಲೆ, ವಿಭಾಗ, ಎಲ್ಲಿ ಓಟದ ಸ್ಪರ್ಧೆ ನಡೆದರೂ ಗೆರೆಯ ಪಕ್ಕ ನಿಂತು "ಆನ್ ಯುವರ್ ಮಾರ್ಕ್" ಎಂದು ಕೂಗಿ ಓಟ ಬಿಡಿಸುವವನು ನಾನೇ. ಇದರ ಜೊತೆಗೆ ನನಗೊಂದು ಹುಚ್ಚೂ ಇದೆ. ಅದರ ಹೆಸರು ಕಾರ್ಲ್ ಬ್ರೆಂಕೆ. ನೂರು ವರ್ಷಕ್ಕೂ ಹಿಂದೆ ಬರ್ಲಿನ್ನಿನಲ್ಲಿ ಓಡುತ್ತಿದ್ದ ಈತ ಇವತ್ತು ಜರ್ಮನಿಯಲ್ಲೇ ಯಾರಿಗೂ ಗೊತ್ತಿರಲಾರ. ಹುಬ್ಬಳ್ಳಿಯ ಹಳೆ ಪುಸ್ತಕದಂಗಡಿಯಲ್ಲಿ ಹರಕು ಜರ್ಮನ್ ಕ್ರೀಡಾಪತ್ರಿಕೆಗಳ ಒಂದು ಕಟ್ಟು ನನಗೆ ಸಿಕ್ಕಿತು. ಧಾರವಾಡದ ನಿವೃತ್ತ ಪಾದ್ರಿಯೊಬ್ಬರು ಬೈದುಕೊಳ್ಳುತ್ತಲೇ ಅದನ್ನು ಓದಿ ಅರ್ಥ ಹೇಳಿದರು. ಆ ಪುಟಗಳಲ್ಲಿ ಬ್ರೆಂಕೆ ಮತ್ತೆ ಮತ್ತೆ ಓಡುತ್ತಿದ್ದ. ನಾನು ಒಂದು ಲೇಖನ ಬರೆದೆ. ನಮ್ಮ ಊರಿನಲ್ಲಿ ಅದನ್ನು ಓದಿದವರು ಪ್ರೂಫ್ ನೋಡಿದವರು ಮಾತ್ರ. ಆದರೆ ಬಹ್ರೇನಿನಲ್ಲಿ ಒಬ್ಬರು ಓದಿಬಿಟ್ಟರು.

ಅವರು ಪ್ರಸನ್ನ, ಅಲ್ಲಿಯ ನಮ್ಮವರ ಒಂದು ಸಂಘದ ಕಾರ್ಯದರ್ಶಿ. ಬೆಂಗಳೂರಿನವರು, ಹಣಕಾಸಿನ ಕಚೇರಿಯಲ್ಲಿ ದೊಡ್ಡ ಕೆಲಸ. ಫೋನಿನಲ್ಲಿ, "ಸರ್, ನಮ್ಮ ಆನ್ಯುವಲ್ ಸ್ಪೋರ್ಟ್ಸ್ ಡೇಗೆ ನೀವೇ ಚೀಫ್ ಗೆಸ್ಟ್. ರೇಸ್‌ಗಳನ್ನೂ ಸ್ಟಾರ್ಟ್ ಮಾಡಿಕೊಡಿ, ಆ ಜರ್ಮನ್ ಬಗ್ಗೆ ಹಾಫ್ ಆನ್ ಅವರ್ ಮಾತಾಡಿ" ಎಂದರು. ಬ್ರೆಂಕೆಯ ಬಗ್ಗೆ ಅರ್ಧ ಗಂಟೆ! ನನ್ನ ಮನೆಯಲ್ಲಿ ಅರ್ಧ ನಿಮಿಷ ಸಿಕ್ಕಿದ್ದಿಲ್ಲ. ಕರೆದವರು ಯಾರು, ಏಕೆ ಎಂದು ಕೇಳದೆ ಹೊರಟೆ.

ಮುಹರ್ರಕ್ ದ್ವೀಪದ ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ತೆಗೆಸಿದರು. ಒಳಗೆ ಕ್ಲ್ಯಾಪರ್ ಇತ್ತು. ಕೀಲು ಹಾಕಿದ ಎರಡು ಹಲಗೆ, ಫಟ್ಟೆಂದು ಬಡಿದರೆ ಓಟ ಶುರು. ಸುಂಕದ ತರುಣ ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಇದೇನು ಎಂದು ಹಿಂದಿಯಲ್ಲಿ ಕೇಳಿದ. ವಿವರಿಸುವ ಬದಲು ನಾನು ಬಡಿದು ತೋರಿಸಿದೆ. ವಿಮಾನ ನಿಲ್ದಾಣದಲ್ಲಿ ಮಾಡಬಾರದ ಕೆಲಸವೊಂದಿದ್ದರೆ ಅದು ಇದೇ. ಒಂದು ಮಗು ಕಿರುಚಿತು, ಇಬ್ಬರು ಪೊಲೀಸರು ಓಡಿ ಬಂದರು, ನನ್ನ ಹಿಂದಿನ ಹೆಂಗಸಿನ ಕೈಯಿಂದ ಹಲಸಿನ ಹಪ್ಪಳದ ಕಟ್ಟು ಬಿತ್ತು. ಅಧಿಕಾರಿ ಮಾತ್ರ ನಕ್ಕ. "ಸ್ಕೂಲ್ ಮಾಸ್ಟರ್?" ಎಂದು ಕೇಳಿ, ತನ್ನ ಎದೆ ಮುಟ್ಟಿಕೊಂಡು ಎರಡು ಬೆರಳು ತೋರಿಸಿದ. ಶಾಲೆಯ ಓಟದಲ್ಲಿ ಎರಡನೇ ಸ್ಥಾನ ಬಂದಿದ್ದನಂತೆ. ಬಹ್ರೇನಿನಲ್ಲಿ ಓಟದ ಬಗ್ಗೆ ಆಸಕ್ತಿಯಿಂದ ಮಾತಾಡಿದ ಮೊದಲ ಗಂಡಸು ಅವನೇ. ಕೊನೆಯವನೂ ಹೌದು.

ಹೊರಗೆ ಸಂಘದವರು ಆರು ಜನ, ಒಂದು ಹೂಗುಚ್ಛ. ಆರೂ ಜನರಿಗೂ ಅದನ್ನು ನನಗೆ ಕೊಡುವ ಫೋಟೋ ಬೇಕು. ಹೀಗಾಗಿ ಒಬ್ಬರು ಕೊಡುವುದು, ಇನ್ನೊಬ್ಬರು ಕಿತ್ತುಕೊಳ್ಳುವುದು, ಅವರು ಮತ್ತೆ ನಗುತ್ತ ಕೊಡುವುದು. ಮೂರನೆಯ ಸಲಕ್ಕೆ ನನಗೆ ತಿಳಿಯಿತು, ಹೂವು ಪ್ಲಾಸ್ಟಿಕ್ಕಿನದು. ಹೋದ ತಿಂಗಳು ಬಂದ ಸಿನಿಮಾ ನಟನೂ ಅದನ್ನೇ ಹಿಡಿದಿದ್ದನಂತೆ. ಹೂವಿನ ಬೆಲೆ ಉಳಿಸಿದರು, ಫೋಟೋದಲ್ಲಿ ಒಂದೂ ಬಿಡಲಿಲ್ಲ.

ಮುಹರ್ರಕ್ಕಿನ ಹಳೆಯ ಓಣಿಗಳು ಚೆನ್ನಾಗಿವೆ ಎಂದು ಕೇಳಿದ್ದೆ. ನೋಡಬೇಕು ಎಂದೆ. ಕರೆದುಕೊಂಡು ಹೋದರು. ಕೆತ್ತನೆಯ ಮರದ ಬಾಗಿಲು, ಒಬ್ಬರ ಮನೆಯ ನೆರಳು ಇನ್ನೊಬ್ಬರ ಗೋಡೆಗೆ ಬೀಳುವಂಥ ಇಕ್ಕಟ್ಟು ದಾರಿ, ಖರ್ಜೂರ ಮಾರುವ ಮುದುಕ. ನೋಡಿದ್ದು ಕಡಿಮೆ, ಬಾಗಿಲ ಮುಂದೆ ನಿಂತದ್ದು ಹೆಚ್ಚು. ಖರ್ಜೂರದ ಮುದುಕನನ್ನೂ ಫೋಟೋಕ್ಕೆ ಎಳೆದರು. ಅವನು ಕೈಯಾಡಿಸಿ "ಯಲ್ಲಾ, ಯಲ್ಲಾ" ಎಂದು ನಮ್ಮನ್ನೆಲ್ಲ ಓಡಿಸಿದ. ನನಗೆ ಅವನ ಮೇಲೆ ಗೌರವ ಹುಟ್ಟಿತು.

ರಿಫಾ

ಪ್ರಸನ್ನ ಅವರ ಮನೆ ರಿಫಾದಲ್ಲಿ. ಎತ್ತರದ ಗೋಡೆಗಳ ವಿಲ್ಲಾಗಳು, ಗೋಡೆಯ ಹೊರಗೆ ಕಾರುಗಳು. ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ವಾಕಿಂಗ್ ಹೊರಟೆ. ರಿಫಾದಲ್ಲಿ ನಡೆಯುವವನೆಂದರೆ ಕಾರು ಕೆಟ್ಟವನು ಅಥವಾ ತಲೆ ಕೆಟ್ಟವನು. ಮೂರು ಕಾರುಗಳು ನಿಂತು ವಿಚಾರಿಸಿದವು. ನಾಲ್ಕನೆಯದರಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು, "ಗಾಡಿ ಖರಾಬ್?" ಎಂದರು. ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಅವರಿಗೆ ಅದು ಇನ್ನೂ ಗಂಭೀರ ಸಂಗತಿಯಾಗಿ ಕಂಡಿತು. ನನ್ನನ್ನು ಹತ್ತಿಸಿಕೊಂಡು ತಮ್ಮ ಮನೆಯ ಹೊರಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು.

ಅಂಗೈಯಲ್ಲಿ ಮುಚ್ಚಿಹೋಗುವ ಪುಟ್ಟ ಬಟ್ಟಲು, ಹಿಡಿಕೆಯಿಲ್ಲ. ಏಲಕ್ಕಿಯ ವಾಸನೆ, ಸಕ್ಕರೆಯ ಸುಳಿವಿಲ್ಲ. ಕುಡಿದು ಮುಗಿಸಿದೆ, ಮತ್ತೆ ಸುರಿದರು. ಮನೆಗೆ ಬಂದವನು ಬಿಡುವುದು ಸರಿಯಲ್ಲ ಎಂದು ಅದನ್ನೂ ಕುಡಿದೆ, ಮತ್ತೆ ಸುರಿದರು. ಸಾಕು ಎಂದೆ, ಥ್ಯಾಂಕ್ಯೂ ಎಂದೆ, ಶುಕ್ರನ್ ಎಂದೆ. ಸುರಿಯುತ್ತಲೇ ಹೋದರು. ಎದೆ ಢವಢವ ಅನ್ನತೊಡಗಿದ ಮೇಲೆ ಅವರ ಮಗ ಒಳಗೆ ಬಂದು ನಕ್ಕು ಹೇಳಿಕೊಟ್ಟ. ಬಟ್ಟಲನ್ನು ಹೀಗೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಕು, ಆಗ ಸಾಕು ಎಂದರ್ಥ. ಅಲ್ಲಾಡಿಸದೆ ಇರುವ ತನಕ ಸುರಿಯುವುದು ಆತಿಥೇಯನ ಧರ್ಮ. ಎಂಥ ಸುಸಂಸ್ಕೃತ ಪದ್ಧತಿ! ನಮ್ಮ ಭಾಷಣಕಾರರ ಮುಂದೆ ಹೀಗೆ ಅಲ್ಲಾಡಿಸುವುದಕ್ಕೆ ಒಂದು ಬಟ್ಟಲಿದ್ದಿದ್ದರೆ ಕರ್ನಾಟಕದ ಎಷ್ಟು ಸಂಜೆಗಳು ಉಳಿಯುತ್ತಿದ್ದವು ಎಂದು ಲೆಕ್ಕ ಹಾಕುತ್ತ ಹಿಂದಿರುಗಿದೆ.

ಆ ಸಂಜೆ ಪ್ರಸನ್ನರ ಮನೆಯಲ್ಲಿ ಸಂಘದ ಸಭೆ ಸೇರಿತು. ಶುಕ್ರವಾರದ ಕ್ರೀಡಾದಿನದ ತಯಾರಿ ಎಂದರು. ಓಟದ ಬಗ್ಗೆ ಮಾತು ಬರುತ್ತದೆಂದು ನಾನು ಕ್ಲ್ಯಾಪರನ್ನೂ ಅಳತೆ ಟೇಪನ್ನೂ ತೊಡೆಯ ಮೇಲಿಟ್ಟುಕೊಂಡು ಕೂತೆ. ಮಾತು ಬಂದದ್ದು ಕುರ್ಚಿಯ ಬಗ್ಗೆ. ವೇದಿಕೆಯ ಮೇಲೆ ಯಾರು ಯಾರ ಪಕ್ಕ ಕೂರಬೇಕು, ಮಾಜಿ ಅಧ್ಯಕ್ಷರ ಕುರ್ಚಿಗೆ ಕೈಯಿರಬೇಕೇ ಬೇಡವೇ, ಶಾಲು ಹೊದಿಸುವವರು ಯಾರು, ಪೇಟ ತೊಡಿಸುವವರು ಯಾರು, ಹಣ್ಣಿನ ಬುಟ್ಟಿ ಕೊಡುವವರು ಯಾರು. ಈ ಕೊನೆಯ ಮೂರು ಘನಕಾರ್ಯಗಳಿಗೆ ಮೂವರನ್ನು ಆರಿಸಿದರು, ಪ್ರಸನ್ನ ಅವರಲ್ಲೊಬ್ಬರು. ಓಟದ ಸಮಯ ಹಿಡಿಯುವವರು ಯಾರು ಎಂದು ನಾನು ಕೇಳಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಅದನ್ನೂ ಅದೇ ಮೂವರ ಕೊರಳಿಗೆ ಕಟ್ಟಿದರು.

ಅಧ್ಯಕ್ಷರು ಕರಾವಳಿಯವರು, ದೊಡ್ಡ ವ್ಯಾಪಾರಸ್ಥರು, ಮೃದು ಮಾತಿನವರು. "ನಿಮ್ಮ ಜರ್ಮನಿಯವರ ಬಗ್ಗೆ ಒಂದು ಹತ್ತು ನಿಮಿಷ ಹೇಳಿದ್ರೆ ಸಾಕು ಮಾರಾಯ್ರೆ. ಜನ ಬಿಸಿಲಲ್ಲಿ ಕೂತಿರ್ತಾರೆ, ಪಾಪ" ಎಂದರು. ಸ್ವಾಗತ ಭಾಷಣಕ್ಕೆ ಎಷ್ಟು ಹೊತ್ತು ಎಂದು ಕೇಳಿದೆ. "ಅದು ಆಗುವಷ್ಟು ಆಗ್ತದೆ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳದ್ದೇ ಒಂದು ಸಂಘ.

ಮಾಹೂಝ್

ಆ ಕಾಫಿಯ ಪ್ರಭಾವವೋ ಸಭೆಯದ್ದೋ, ಮರುದಿನ ತಲೆ ಸುತ್ತಿತು. ರಕ್ತದೊತ್ತಡದ ಮಾತ್ರೆಯನ್ನು ಊರಲ್ಲೇ ಮರೆತು ಬಂದಿದ್ದೆ. ಪ್ರಸನ್ನ ನನ್ನನ್ನು ಮಾಹೂಝ್‌ಗೆ ಕರೆದೊಯ್ದರು. ಒಂದರ ಪಕ್ಕ ಒಂದು ಅಪಾರ್ಟ್‌ಮೆಂಟ್, ಪ್ರತಿ ಬಾಲ್ಕನಿಯಲ್ಲೂ ಒಣಗುವ ಸಮವಸ್ತ್ರ. ಅಲ್ಲಿ ಮೂರನೆಯ ಮಹಡಿಯಲ್ಲಿ ಲವಿಟಾ ಇದ್ದರು. ಶಿರ್ವದ ಕಡೆಯ ಕ್ರಿಶ್ಚಿಯನ್ ಹೆಣ್ಣುಮಗಳು, ಆಸ್ಪತ್ರೆಯಲ್ಲಿ ನರ್ಸ್. ನಲವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಮಾತು ಚುರುಕು. ನನ್ನ ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿ, "ಸರ್, ಗಾವಾ ಎಷ್ಟು ಕಪ್ ಕುಡಿದ್ರಿ?" ಎಂದು ಕೇಳಿದರು. ಗಾವಾ ಎಂದರೆ ಅದೇ ಕಾಫಿ. ಬಟ್ಟಲು ಅಲ್ಲಾಡಿಸಲು ತಿಳಿಯದೆ ಒದ್ದಾಡಿದ ಕಥೆ ಹೇಳಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪ್ರಸನ್ನ ಫೋನ್ ಬಂತೆಂದು ಬಾಲ್ಕನಿಗೆ ಹೋದರು. ಲವಿಟಾ ಅವರ ಮುಖದ ನಗು ಇಳಿಯಿತು. ಬಾಗಿಲ ಹಿಂದಿನಿಂದ ಒಂದು ಬಟ್ಟೆಯ ಚೀಲ ತಂದು ನನ್ನ ಮುಂದೆ ಬಿಚ್ಚಿದರು. ಒಳಗೆ ಓಟಗಾರರು ಹಾಕುವ ಮೊಳೆ ಬೂಟುಗಳು. ಹಳೆಯವು, ಆದರೆ ಎಣ್ಣೆ ಹಚ್ಚಿಟ್ಟಿದ್ದ ಮೊಳೆಗಳು.

"ಸರ್, ನೀವು ನಿಜವಾದ ಸ್ಟಾರ್ಟರ್ ಅಂತ ಕೇಳಿದೆ. ಒಂದು ಉಪಕಾರ ಮಾಡ್ಬೇಕಿತ್ತು. ಶುಕ್ರವಾರ ಹೆಂಗಸರ ನೂರು ಮೀಟರ್ ಉಂಟಲ್ಲ, ಅದನ್ನು ನೂರು ಮೀಟರ್ ಮಾಡಿ ಕೊಡಿ."

"ಅಂದ್ರೆ? ಈಗ ಎಷ್ಟಿದೆ?"

"ಎಷ್ಟೋ ಯಾರಿಗೆ ಗೊತ್ತು! ಅಧ್ಯಕ್ಷರ ಮಿಸೆಸ್ಸು ಓಡಿದ ರೆಕಾರ್ಡ್ ಉಂಟು, ಹನ್ನೊಂದು ಸೆಕೆಂಡ್."

ನಾನು ಕೂತಲ್ಲಿಂದ ಎದ್ದುಬಿಟ್ಟೆ. ಹನ್ನೊಂದು ಸೆಕೆಂಡಿನಲ್ಲಿ ನೂರು ಮೀಟರ್ ಓಡುವ ಹೆಂಗಸಿಗೆ ಒಲಿಂಪಿಕ್ಸಿನ ಕೊನೆಯ ಸುತ್ತಿನಲ್ಲಿ ಗೆರೆ ಕಾದಿರುತ್ತದೆ. ಅಧ್ಯಕ್ಷರ ಹೆಂಡತಿಯನ್ನು ಹಿಂದಿನ ಸಂಜೆ ನೋಡಿದ್ದೆ. ಪಾಪ, ಸೋಫಾದಿಂದ ಏಳುವಾಗ ಕೈ ಕೊಡಬೇಕಾಗಿತ್ತು.

"ಆ ರೆಕಾರ್ಡ್ ಮುರೀಬೇಕು ಅಂತ ಅಲ್ಲ ಸರ್" ಎಂದರು ಲವಿಟಾ. "ಯೂನಿವರ್ಸಿಟಿಗೆ ಓಡಿದವಳು ನಾನು. ಮದುವೆ ಆಯ್ತು, ವೀಸಾ ಬಂತು, ಡ್ಯೂಟಿ, ಅಷ್ಟೇ. ಈಗ ಮೊಣಕಾಲಿಗೆ ಮುಂದಿನ ತಿಂಗಳು ಆಪರೇಷನ್. ಆಮೇಲೆ ನಡೀಬಹುದು, ಓಡ್ಲಿಕ್ಕಿಲ್ಲ. ಒಂದು ಸಲಕ್ಕೆ ಎಂತ ಆಗುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಕೊನೆಗೆ ಒಂದು ಸಲ ಸರಿಯಾದ ನೂರು ಮೀಟರ್ ಓಡಿ, ನನ್ನ ಟೈಮ್ ಎಷ್ಟು ಅಂತ ನನಗೆ ಗೊತ್ತಾಗ್ಬೇಕು. ಮತ್ತೆಂತ ಬೇಡ. ಶುಕ್ರವಾರ ಮಧ್ಯಾಹ್ನ ಡ್ಯೂಟಿ ಉಂಟು, ಹನ್ನೆರಡೂವರೆಗೆ ಹೊರಡ್ಬೇಕು. ರೇಸ್ ಒಂಬತ್ತಕ್ಕೆ ಅಂತ ಹಾಕಿದ್ದಾರೆ, ಸಾಕಷ್ಟು ಹೊತ್ತು ಉಂಟು."

ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ, ಕೇಳುವ ಕಿವಿ ಸಿಕ್ಕಿತಲ್ಲ ಎಂದು ಬ್ರೆಂಕೆಯ ಕಥೆ ಶುರು ಮಾಡಿದೆ. ಬ್ರೆಂಕೆ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದವನು. ಬೆಳಿಗ್ಗೆ ಕೆಲಸಕ್ಕೆ ಮೊದಲು ಓಡುತ್ತಿದ್ದ. ಅವನ ಊರಿನ ಗಣ್ಯರಿಗೆ ಓಟವೆಂದರೆ ಅಸಹ್ಯ. ಸಾಲಾಗಿ ನಿಂತು ಕೈ ಎತ್ತಿ ಇಳಿಸುವ ಕಸರತ್ತೇ ಸಭ್ಯ ಜರ್ಮನ್ ವ್ಯಾಯಾಮ, ಓಡುವುದು ಇಂಗ್ಲಿಷರಿಂದ ಅಂಟಿದ ರೋಗ ಎನ್ನುತ್ತಿದ್ದರು. ಆಗ ಕಾಲಿಗೆ ಆನಿಸಿಕೊಳ್ಳುವ ಈಗಿನ ಬ್ಲಾಕುಗಳಿರಲಿಲ್ಲ. ಓಟಗಾರರು ಗೆರೆಯ ಹಿಂದೆ ನೆಲದಲ್ಲಿ ಎರಡು ಗುಳಿ ತೋಡಿ ಅದರಲ್ಲಿ ಕಾಲ ತುದಿ ಊರುತ್ತಿದ್ದರು. ಬ್ರೆಂಕೆ ಇದಕ್ಕೆಂದೇ ಗಾರೆಯವರ ಒಂದು ಪುಟ್ಟ ಕರಣಿಯನ್ನು ಜೇಬಿನಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದ. ಹ್ಯಾಂಬರ್ಗಿನಲ್ಲಿ ಗೆದ್ದ, ಲೈಪ್ಸಿಗ್‌ನಲ್ಲಿ ಗೆದ್ದ, ಮ್ಯೂನಿಕ್‌ನಲ್ಲಿ ಎದುರಾಳಿಗಳೇ ಅವನ ಕರಣಿಯನ್ನು ಕದ್ದರು. ಅವನು ಸ್ಪೂನಿನಿಂದ ತೋಡಿಕೊಂಡು ಗೆದ್ದ.

"ಸ್ಪೂನಿಂದ!" ಎಂದು ಲವಿಟಾ ಅಡುಗೆಮನೆಯ ಕಡೆ ನೋಡಿದರು.

ಮೈದಾನ

ಶುಕ್ರವಾರ ಬೆಳಿಗ್ಗೆ ಬಾಡಿಗೆಗೆ ಪಡೆದ ಶಾಲೆಯ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಟೇಪು ಹಿಡಿದೆ. ಸುಣ್ಣದ ಗೆರೆಯಿಂದ ಗೆರೆಗೆ ಎಂಬತ್ತನಾಲ್ಕು ಮೀಟರ್. ಕಾರಣವೂ ಕಣ್ಣಿಗೇ ಕಂಡಿತು. ಗಣ್ಯರು ಕತ್ತು ತಿರುಗಿಸುವ ಶ್ರಮ ಪಡಬಾರದೆಂದು ಓಟದ ಕೊನೆಯನ್ನು ವೇದಿಕೆಯ ನೇರ ಮುಂದೆ ಇಟ್ಟಿದ್ದರು. ಅಲ್ಲಿಂದ ಆಚೆಗೆ ಊಟದ ಶಾಮಿಯಾನ. ಉಳಿದ ಹದಿನಾರು ಮೀಟರಿನ ಮೇಲೆ ಅನ್ನ, ಸಾಂಬಾರು, ಕೋಳಿ ಸುಕ್ಕದ ಮೇಜುಗಳು ನಿಂತಿದ್ದವು. ಸಂಘದ ದಾಖಲೆಗಳೆಲ್ಲ ಸಾಂಬಾರಿನ ಹಂಡೆಗೆ ಮೊದಲೇ ಮುಗಿದ ದಾಖಲೆಗಳು!

ಮೇಜು ಸರಿಸಿ ಎಂದು ಅಡುಗೆಯವರಿಗೆ ಹೇಳಿದೆ. ಪ್ರಸನ್ನ ಸರ್ ಹೇಳಲಿ ಎಂದರು. ಪ್ರಸನ್ನರಿಗೆ ಹೇಳಿದೆ. "ಸರ್, ಆಕ್ಚುಲಿ ಅಧ್ಯಕ್ಷರ ಅಪ್ರೂವಲ್ ಬೇಕು" ಎಂದರು. ಅಧ್ಯಕ್ಷರಿಗೆ ಹೇಳಿದೆ. "ಎಲ್ಲ ಮಾಡುವ ಮಾರಾಯ್ರೆ, ಸನ್ಮಾನ ಒಂದು ಮುಗೀಲಿ" ಎಂದು ನನ್ನ ಬೆನ್ನು ತಟ್ಟಿದರು. ಅಲ್ಲಿಗೆ ಆ ದಿನದ ಎಲ್ಲ ಓಟಗಳೂ ನನ್ನ ಸನ್ಮಾನದ ಹಿಂದೆ ಸಾಲುಗಟ್ಟಿ ನಿಂತವು.

ಸನ್ಮಾನ ಶುರುವಾಗಲು ಹತ್ತೂವರೆಯಾಯಿತು. ದೀಪ ಹಚ್ಚಿದರು, ಸಮುದ್ರದ ಗಾಳಿ ಆರಿಸಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಗಾಳಿಗಾದರೂ ಬುದ್ಧಿಯಿತ್ತು. ಪ್ರಾರ್ಥನೆ, ಸ್ವಾಗತ, ಪ್ರತಿಯೊಬ್ಬ ಗಣ್ಯರ ಪರಿಚಯ, ಪರಿಚಯ ಮಾಡಿಕೊಟ್ಟವರ ಪರಿಚಯ. ಮುಂದಿನ ಸಾಲಿನ ಮಕ್ಕಳು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ದೂರದಲ್ಲಿ, ಓಟ ಶುರುವಾಗುವ ಗೆರೆಯ ಹಿಂದೆ, ಲವಿಟಾ ಒಬ್ಬರೇ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಮೈ ಬಿಸಿಯಾಗುತ್ತಿತ್ತು, ಹೊತ್ತು ಹೋಗಿ ತಣ್ಣಗಾಗುತ್ತಿತ್ತು, ಮತ್ತೆ ಶುರು ಮಾಡುತ್ತಿದ್ದರು. ಒಮ್ಮೆ ಬಗ್ಗಿ ನೆಲ ಕೆದಕುವುದು ಕಂಡಿತು. ಕೈಯಲ್ಲಿ ಸ್ಪೂನಿತ್ತು.

ಅಧ್ಯಕ್ಷರು ನನ್ನ ಬಗ್ಗೆ ಮಾತಾಡಿದರು. "ನಮ್ಮ ಇವತ್ತಿನ ಅತಿಥಿಗಳು ಸಾಮಾನ್ಯರಲ್ಲ. ಜರ್ಮನಿಯ ಒಬ್ಬ ದೊಡ್ಡ ಓಟಗಾರನನ್ನು ಸೋಲಿಸಿದವರು!" ಎಂದರು. ಚಪ್ಪಾಳೆ ಬಿತ್ತು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬೂಟು ಕಳಚಿಟ್ಟ ಮನುಷ್ಯನನ್ನು ನಾನು ಸೋಲಿಸಿದೆ. ತಿದ್ದಬೇಕೆಂದು ಎದ್ದೆ. ಏಳುವುದನ್ನೇ ಕಾಯುತ್ತಿದ್ದವರಂತೆ ಒಬ್ಬರು ಶಾಲು ಹೊದಿಸಿದರು, ಒಬ್ಬರು ಪೇಟ ಇಟ್ಟರು, ಪ್ರಸನ್ನ ಹಣ್ಣಿನ ಬುಟ್ಟಿಯನ್ನು ಕೈಗೆ ತುರುಕಿದರು. ಪೇಟ ಹುಬ್ಬಿನ ತನಕ ಇಳಿಯಿತು. ಮೂವರ ಕೊರಳಲ್ಲೂ ಸಮಯ ಹಿಡಿಯುವ ಗಡಿಯಾರಗಳು ತಾಳಿಯ ಹಾಗೆ ತೂಗುತ್ತಿದ್ದವು.

ಆಗ ಮೈಕು ನನ್ನ ಕೈಗೆ ಬಂತು.

ಇಲ್ಲಿಯವರೆಗೆ ಎಲ್ಲರನ್ನೂ ಹಳಿದ ನಾನು ಈಗ ಮಾಡಿದ್ದನ್ನೂ ಹೇಳಲೇಬೇಕು. ಮೈಕು ಕೈಗೆ ಬಂದೊಡನೆ ನಾನು ಹೊತ್ತನ್ನು ಮರೆತೆ. ಎದುರಿಗೆ ಮುನ್ನೂರು ಜನ, ಬ್ರೆಂಕೆಯ ಬಗ್ಗೆ ಕೇಳಲು! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅಚ್ಚುಮನೆಯಿಂದ ಶುರು ಮಾಡಿ, ಗಣ್ಯರ ಕಸರತ್ತನ್ನು ನಟಿಸಿ ತೋರಿಸಿ, ಕರಣಿಯ ಕಳವು, ಸ್ಪೂನಿನ ಗೆಲುವು ಎಲ್ಲ ಹೇಳಿದೆ. ಜನ ನಕ್ಕರು. ನಕ್ಕಷ್ಟೂ ನಾನು ಉದ್ದವಾದೆ. ಹತ್ತು ನಿಮಿಷ ಎಂದೋ ಕಳೆದಿತ್ತು. ಅಧ್ಯಕ್ಷರೂ ತಡೆಯಲಿಲ್ಲ, ಅತಿಥಿಯನ್ನು ತಡೆಯುವುದು ಅವರ ಪದ್ಧತಿಯಲ್ಲಿಲ್ಲ.

ಕಥೆಯ ಮುಖ್ಯ ಘಟ್ಟಕ್ಕೆ ಬಂದೆ. "ಬ್ರೆಂಕೆಯ ಜೀವನದ ಅತ್ಯಂತ ವೇಗದ ಓಟ ಯಾವುದು ಗೊತ್ತೇ? ಅದರ ಸಮಯ ಎಲ್ಲೂ ದಾಖಲಾಗಿಲ್ಲ. ಆವತ್ತು ಅವನು ವಿಶ್ವದಾಖಲೆ ಮುರಿದ ಎಂದು ನೋಡಿದವರೆಲ್ಲ ಹೇಳಿದರು. ಆದರೆ ಅವನು ಓಡುತ್ತಿದ್ದಾಗಲೇ ಒಬ್ಬ ರಾಜಕುಮಾರ ಮೈದಾನಕ್ಕೆ ಬಂದ. ಸಮಯ ಹಿಡಿಯುವವರು ಎದ್ದು ನಿಂತು ಟೋಪಿ ತೆಗೆದು ನಮಸ್ಕರಿಸಿದರು. ಗಡಿಯಾರ ಹಿಡಿದ ಕೈಯಿಂದಲೇ ಟೋಪಿ ತೆಗೆದರು. ಗುಂಡಿ ಒತ್ತುವವರು ಯಾರೂ ಇರಲಿಲ್ಲ. ಆ ರಾಜಕುಮಾರನಿಗೆ ಓಟದ ಗಂಧವೂ ಗೊತ್ತಿರಲಿಲ್ಲ. ತಲೆಯ ಮೇಲೆ ಗರಿ ಇಟ್ಟ ದೊಡ್ಡ ಟೋಪಿ, ಹೆಗಲ ಮೇಲೆ..."

ಇಷ್ಟು ಹೇಳುವಾಗ ಗುಂಪಿನ ಬದಿಯಲ್ಲಿ ಲವಿಟಾ ಕಂಡರು. ಮೈದಾನದ ಆ ತುದಿಯಿಂದ ನಡೆದು ಬಂದಿದ್ದರು. ಕೈಯಲ್ಲಿದ್ದ ಖಾಲಿ ಚಹಾದ ಕಪ್ಪನ್ನು ನನ್ನ ಕಡೆಗೆ ಎತ್ತಿ ಹಿಡಿದು, ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು. ಮುಖದಲ್ಲಿ ನಗುವಿರಲಿಲ್ಲ. ಕಣ್ಣು ತುಂಬಿತ್ತು.

ನನ್ನ ಕೈ ತಾನಾಗಿ ಹೆಗಲ ಮೇಲಿನ ಶಾಲನ್ನು ಮುಟ್ಟಿತು. ಹಿಂದೆ ತಿರುಗಿದೆ. ಗಡಿಯಾರದ ಮೂವರೂ ಕೈಕಟ್ಟಿ ನನ್ನ ಬೆನ್ನಿಗೆ ನಿಂತಿದ್ದರು. ಆ ರಾಜಕುಮಾರ ನಾನೇ ಆಗಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೊತ್ತು ಹನ್ನೆರಡು ದಾಟಿತ್ತು.

ವಾಕ್ಯವನ್ನು ಅಲ್ಲೇ ಬಿಟ್ಟು ಮೈಕನ್ನು ಕುರ್ಚಿಯ ಮೇಲಿಟ್ಟೆ. "ಸರ್, ವಂದನಾರ್ಪಣೆ ಬಾಕಿ ಉಂಟು!" ಎಂದು ಅಧ್ಯಕ್ಷರು ಗಾಬರಿಯಾದರು. "ಅದು ಆಗುವಷ್ಟು ಆಗ್ತದೆ" ಎಂದು ಅವರ ಮಾತನ್ನೇ ಅವರಿಗೆ ಕೊಟ್ಟು ಮೆಟ್ಟಿಲಿಳಿದೆ. ಪ್ರಸನ್ನರನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಸಾಂಬಾರಿನ ಮೇಜಿನ ಹತ್ತಿರ ಅಡುಗೆಯವರು ಮತ್ತೆ ಅಪ್ಪಣೆ ಎಂದರು. ಓಡಬೇಕಾಗಿದ್ದ ಆರೇಳು ಹೆಂಗಸರು ಆ ಮಾತು ಕೇಳಲೇ ಇಲ್ಲ. ಸೆರಗಿನವರು ಸೆರಗು ಸಿಕ್ಕಿಸಿ, ಚೂಡಿದಾರದವರು ತೋಳು ಮಡಿಸಿ, ಹಂಡೆ ಸಮೇತ ಮೇಜುಗಳನ್ನು ಎತ್ತಿ ಪಕ್ಕಕ್ಕಿಟ್ಟರು. ಬೆಳಿಗ್ಗೆಯಿಂದ ಅಪ್ಪಣೆಗೆ ಕಾದಿದ್ದ ಕೆಲಸ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಟೇಪು ಹಿಡಿದು ನೂರಕ್ಕೆ ಸುಣ್ಣ ಸುರಿದೆ. ಪ್ರಸನ್ನರನ್ನೂ ಅವರ ಗಡಿಯಾರವನ್ನೂ ಆ ಹೊಸ ಗೆರೆಯ ಮೇಲೆ ನೆಟ್ಟೆ. ಉಳಿದಿಬ್ಬರು ಗಡಿಯಾರದವರು ಬರಲಿಲ್ಲ, ನಾನು ಬಿಟ್ಟು ಬಂದ ಹಣ್ಣಿನ ಬುಟ್ಟಿಯನ್ನು ಯಾರು ಹಿಡಿಯಬೇಕೆಂದು ವೇದಿಕೆಯ ಮೇಲೆ ಚರ್ಚೆಯಲ್ಲಿದ್ದರು.

"ಪ್ರಸನ್ನ, ಕಪ್ಪಾರ್ ಬಡಿದ ಕೂಡಲೇ ಒತ್ತು. ಎದೆ ಗೆರೆ ದಾಟಿದ ಕೂಡಲೇ ಒತ್ತು. ಬೇರೇನೂ ಮಾಡಬೇಡ" ಎಂದೆ. ಗಡಿಬಿಡಿಯಲ್ಲಿ ಕ್ಲ್ಯಾಪರ್ ಎನ್ನಲೂ ನಾಲಗೆ ಹೊರಳಲಿಲ್ಲ, ಬಹುವಚನವೂ ಬಿದ್ದುಹೋಯಿತು. "ಶ್ಯೂರ್ ಸರ್" ಎಂದರು.

ಓಟ ಶುರುವಾಗುವ ತುದಿಗೆ ಹೋಗಿ ಗೆರೆಯ ಪಕ್ಕ ನಿಂತೆ. ಅತಿಥಿ ವೇದಿಕೆಯಿಂದ ಓಡಿದ್ದು ಸಂಘದ ಇತಿಹಾಸದಲ್ಲೇ ಮೊದಲಿರಬೇಕು, ಮೊಬೈಲು ಹಿಡಿದ ಒಂದು ದೊಡ್ಡ ಗುಂಪು ನನ್ನನ್ನು ಸುತ್ತುವರಿದಿತ್ತು. "ಆನ್ ಯುವರ್ ಮಾರ್ಕ್." ಲವಿಟಾ ಗುಳಿಗಳಲ್ಲಿ ಕಾಲಿಟ್ಟರು. "ಸೆಟ್." ಬೆನ್ನು ಎದ್ದಿತು, ಸೊಂಟ ನಿಂತಿತು, ಒಂದು ಕೂದಲಿನಷ್ಟೂ ಅಲುಗಾಟವಿಲ್ಲ. ಎಷ್ಟೋ ಸಾವಿರ ಮಕ್ಕಳನ್ನು ಓಡಿಸಿದ್ದೇನೆ. ಹಾಗೆ ಕಾದು ನಿಂತ ಮೈಯನ್ನು ನೋಡಿದ್ದು ಕಡಿಮೆ. ಎರಡೂ ಕೈಯಿಂದ ಹಲಗೆಯನ್ನು ಬಡಿದೆ.

ಬಡಿದ ಏಟಿಗೆ ಪೇಟ ಜಾರಿ ನನ್ನ ಕಣ್ಣು ಮುಚ್ಚಿತು.

ಹೌದು, ಅದನ್ನು ತೆಗೆದಿಡುವ ಬುದ್ಧಿ ನನಗಿರಲಿಲ್ಲ. ಮೇಲಕ್ಕೆ ತಳ್ಳಿ ನೋಡುವಷ್ಟರಲ್ಲಿ ಲವಿಟಾ ಅರ್ಧ ದಾರಿ ದಾಟಿದ್ದರು. ಉಳಿದವರು ಎಲ್ಲೋ ಹಿಂದೆ. ಮೊಣಕಾಲು ನೋವಿನ ಹೆಂಗಸು ಅದಲ್ಲ. ನೆಲ ಕಾಲಿಗೆ ತಾಗುತ್ತಿತ್ತೋ ಇಲ್ಲವೋ. ವೇದಿಕೆಯ ಮುಂದಿನ ಹಳೆಯ ಗೆರೆ ದಾಟಿದರು, ಅಲ್ಲಿಗೆ ಓಟ ಮುಗಿಯಿತೆಂದುಕೊಂಡು ಕೂತ ಗಣ್ಯರ ಮುಂದೆ ಇನ್ನೂ ಓಡಿದರು, ಸಾಂಬಾರಿನ ಕಲೆಯ ಮೇಲೆ ಓಡಿದರು, ನೂರನ್ನು ದಾಟಿದರು. ಜನರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾರೂ ಹೊಡೆಯಿರಿ ಎಂದು ಹೇಳದೆ ಆ ದಿನ ಬಿದ್ದ ಚಪ್ಪಾಳೆ ಅದೊಂದೇ.

ಓಡಿಕೊಂಡು ಪ್ರಸನ್ನರ ಹತ್ತಿರ ಹೋದೆ. ಅವರು ಕೈ ಮುಂದೆ ಚಾಚಿ ಗಡಿಯಾರ ತೋರಿಸಿದರು. ಅಂಕಿಗಳು ಇನ್ನೂ ಓಡುತ್ತಿದ್ದವು.

"ಸರ್, ಸ್ಟಾರ್ಟ್ ಕರೆಕ್ಟಾಗಿ ಮಾಡಿದ್ದೆ. ಅವರು ಬಂದ ಸ್ಪೀಡ್ ನೋಡಿ... ಸಾರಿ ಸರ್. ಚಪ್ಪಾಳೆ ಹೊಡೆದುಬಿಟ್ಟೆ."

ಅವರ ಕಣ್ಣಲ್ಲೂ ನೀರಿತ್ತು, ಬೈಯಲಾಗಲಿಲ್ಲ. ಯಾರಾದರೂ ವಿಡಿಯೋ ಮಾಡಿದ್ದೀರಾ ಎಂದು ಕೂಗಿದೆ. ಮಾಡಿದ್ದರು, ಇಪ್ಪತ್ತು ಜನ. ಒಂದೊಂದೇ ನೋಡುತ್ತ ಹೋದೆ. ಎಲ್ಲದರಲ್ಲೂ ನಾನೇ. ಶಾಲು ಹೊದ್ದು, ಪೇಟ ಕಣ್ಣಿಗಿಳಿದು, ಹಲಗೆ ಹಿಡಿದು ತಡಕಾಡುವ ನಾನು. ಲವಿಟಾ ಯಾವುದರಲ್ಲೂ ಇರಲಿಲ್ಲ.

ಅಷ್ಟರಲ್ಲಿ ಮೈಕಿನಲ್ಲಿ ಅಧ್ಯಕ್ಷರ ದನಿ ಕೇಳಿತು. ತಾಂತ್ರಿಕ ಕಾರಣಗಳಿಂದ ಸಮಯ ಸಿಗದ ಕಾರಣ ಮಹಿಳೆಯರ ಹಳೆಯ ದಾಖಲೆ ಹಾಗೇ ಮುಂದುವರಿಯುತ್ತದೆ ಎಂದರು. ಹನ್ನೊಂದು ಸೆಕೆಂಡ್. ಅಧ್ಯಕ್ಷರ ಹೆಂಡತಿ ನಮ್ರವಾಗಿ ಕೈ ಮುಗಿದರು.

ಲವಿಟಾ ಕಾರಿನ ಬಾಗಿಲು ತೆರೆದಿಟ್ಟು ಮೊಳೆ ಬೂಟು ಬಿಚ್ಚಿ ಆಸ್ಪತ್ರೆಯ ಬಿಳಿ ಶೂ ಹಾಕಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ನಿಂತೆ. ಪೇಟವನ್ನು ಆಗ ತೆಗೆದೆ, ತೆಗೆಯಬೇಕಾದ ಹೊತ್ತು ಮೀರಿದ ಮೇಲೆ.

"ತಪ್ಪಾಯ್ತಮ್ಮಾ" ಎಂದೆ.

"ಓಡಿದೆ ಅಲ್ವಾ ಸರ್" ಎಂದು ಆಕೆ ಮೊಣಕಾಲನ್ನು ಅಂಗೈಯಿಂದ ಒತ್ತಿಕೊಂಡರು. ಆಮೇಲೆ ಬೂಟುಗಳನ್ನು ಚೀಲಕ್ಕೆ ಹಾಕುತ್ತ, "ನಿಮ್ಮ ಜರ್ಮನಿಯವನಿಗೆ ಆಮೇಲೆ ಎಂತ ಆಯ್ತು? ಅರ್ಧದಲ್ಲೇ ಬಿಟ್ರಿ" ಎಂದು ಕೇಳಿದರು.

"ಯುದ್ಧ ಬಂತು, ಓಟ ನಿಂತಿತು. ಆಮೇಲೆ ಅವನೇ ಸಮಯ ಹಿಡಿಯುವವನಾದ. ಹಿಮ ಬೀಳುವಾಗಲೂ ತಲೆಗೆ ಟೋಪಿ ಹಾಕುತ್ತಿರಲಿಲ್ಲವಂತೆ."

"ಆ ದಿನದ ಟೈಮ್ ಅವನಿಗೆ ಕೊನೆಗೂ ಗೊತ್ತಾಗ್ಲಿಲ್ವಾ?"

"ಇಲ್ಲ."

ಲವಿಟಾ ಕಾರು ಚಾಲೂ ಮಾಡಿದರು. ಕಿಟಕಿಯಿಂದ ನನ್ನನ್ನು ನೋಡಿ, "ಹಾಗಾದ್ರೆ ಅವನದ್ದೂ ನಂದೂ ಒಂದೇ ಟೈಮ್ ಸರ್" ಎಂದು ನಕ್ಕು, ಡ್ಯೂಟಿಗೆ ತಡವಾಗುತ್ತದೆಂದು ಹೊರಟರು.

ಮೈದಾನದಲ್ಲಿ ವಂದನಾರ್ಪಣೆ ಇನ್ನೂ ನಡೆಯುತ್ತಿತ್ತು.